ಮನೆಯೊಳಗಿನ ಒಂದು ಫೋಟೋ

ನವೆಂಬರ್ 18

ಇವತ್ತಿಗೆ ನನ್ನ ಡ್ರೈವಿಂಗ್ ಲೈಸೆನ್ಸ್ ಸತ್ತಿತು. ನನ್ನ ಗಂಡ ಸಂಗಮೇಶ ಕಂಪನಿ ಬದಲಿಸಿದ ಮೇಲೆ ನಮ್ಮ ವೀಸಾ ಕಾಗದಗಳೆಲ್ಲ ಸರ್ಕಾರದ ಯಾವುದೋ ಮೇಜಿನ ಮೇಲೆ ಮಲಗಿವೆ. ಅವು ಏಳುವ ತನಕ ಲೈಸೆನ್ಸ್ ಹೊಸದು ಮಾಡಿಕೊಡುವುದಿಲ್ಲವಂತೆ. ಕೌಂಟರಿನ ಹುಡುಗಿ ಹಲ್ಲು ಬಿಟ್ಟುಕೊಂಡೇ ಹೇಳಿದಳು. ದೇಶ ಬಿಟ್ಟು ಹೋಗುವುದಂತೂ ದೂರದ ಮಾತು. ಪ್ರಯಾಣದ ಅನುಮತಿ ಪತ್ರ ಬರುವ ಮುಂಚೆ ವಿಮಾನ ಹತ್ತಿದರೆ ಗ್ರೀನ್ ಕಾರ್ಡ್ ಅರ್ಜಿ ಬಿದ್ದುಹೋಗುತ್ತದೆ, ಮತ್ತೆ ಒಳಗೆ ಬರಲಾಗುವುದಿಲ್ಲ ಎಂದು ವಕೀಲರು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ.

ಫಿಡೆಲ್ಮಾಳ ಮೇಲ್ ಕೂಡ ಇವತ್ತೇ ಬರಬೇಕೆ! ಐರ್ಲೆಂಡಿನ ಸ್ಲೈಗೋದಲ್ಲಿ ಸಂಗಮೇಶನ ಕೆಲಸವಿದ್ದ ಆರು ವರ್ಷ ನಾನು ಸುತ್ತಲಿನ ಹಳ್ಳಿಗಳಲ್ಲಿ ಅಲೆದು ತೆಗೆದ ಫೋಟೋಗಳನ್ನು ಪುಸ್ತಕ ಮಾಡುತ್ತಿರುವವಳು ಅವಳು. ಹೊಲ, ಬಾವಿ, ಜೌಗು, ಹಬ್ಬ ಎಲ್ಲ ಸರಿ, ಕೊನೆಯ ಅಧ್ಯಾಯ ಮಾತ್ರ ಒಂದು ಮನೆಯ ಒಳಗಿನದಾಗಬೇಕು ಎಂದು ಮೊದಲಿನಿಂದ ಹೇಳುತ್ತಿದ್ದಾಳೆ. ಜನವರಿ ಮೂವತ್ತೊಂದು, ಅಲ್ಲಿಯವರು ಪೂಜಿಸುವ ಬ್ರಿಜಿಡ್ ತಾಯಿಯ ಹಬ್ಬದ ಹಿಂದಿನ ಸಂಜೆ, ಲೀಟ್ರಿಮ್ ಸೀಮೆಯ ಪೆಗ್ಗಿ ಎಂಬ ಮುದುಕಿಯ ಅಡುಗೆಮನೆ. ಪೆಗ್ಗಿ ಬಾ ಎಂದು ಕರೆದಿದ್ದಾಳೆ. ಫಿಡೆಲ್ಮಾ ಈಗಾಗಲೇ ಎರಡು ಸಲ ನನಗಾಗಿ ಮುಂದೂಡಿದ್ದಾಳೆ. ಮೂರನೇ ಸಲ ಇಲ್ಲ, ಆ ಫೋಟೋ ಇಲ್ಲದಿದ್ದರೆ ಪುಸ್ತಕವೂ ಇಲ್ಲ ಎಂದು ಬರೆದಿದ್ದಾಳೆ.

ಸಂಗಮೇಶ ಬೆಳಿಗ್ಗೆ ನನ್ನನ್ನು ಲೈಸೆನ್ಸ್ ಆಫೀಸಿನಿಂದ ಮನೆಗೆ ಬಿಟ್ಟು ಹಾಗೇ ಐದು ತಾಸು ದೂರದ, ಶಿಕಾಗೋ ಪಕ್ಕದ ಲೊಂಬಾರ್ಡಿಗೆ ಕೆಲಸಕ್ಕೆ ಹೋದ. ಸೋಮವಾರ ಹೋದರೆ ಶುಕ್ರವಾರವೇ ಬರುವುದು. ಅಲ್ಲಿ ಪ್ರಕಾಶ ಎನ್ನುವವನ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು ಹಿಡಿದಿದ್ದಾನೆ. ಇಲ್ಲಿ ವಿಕ್ಸಮ್‌ನಲ್ಲಿ ನಾನು ಮತ್ತು ಸಂಗಮೇಶನ ತಾಯಿ. ಅವರು ಬಾಗಲಕೋಟೆಯ ಕಡೆಯಿಂದ ಅಕ್ಟೋಬರಿನಲ್ಲಿ ಬಂದರು, ಮಾರ್ಚ್ ತನಕ ಇರುತ್ತಾರೆ. ಚಳಿಗಾಲ ಪೂರ್ತಿ ಇಲ್ಲಿರಲು ಯಾರಾದರೂ ಟಿಕೆಟ್ ತೆಗೆಸುತ್ತಾರೆಯೇ? ಅವನು ತೆಗೆಸಿದ.

ನವೆಂಬರ್ 29

ಹೊರಗೆ ಹೋಗುವುದೆಂದರೆ ಈಗ ಗ್ಯಾರೇಜಿನವರೆಗೆ. ನಮ್ಮ ಬಡಾವಣೆಯ, ಅಂದರೆ ಇಲ್ಲಿಯವರ ಸಬ್‌ಡಿವಿಷನ್ನಿನ, ರಸ್ತೆಯಲ್ಲಿ ನಡೆದರೆ ಮೂರು ಬೀದಿ ದಾಟಿ ಮತ್ತೆ ನಮ್ಮ ಮನೆಯ ಮುಂದೆಯೇ ಬಂದು ನಿಲ್ಲುತ್ತೇನೆ. ಆಚೆಗೆ ಫುಟ್‌ಪಾತ್ ಇಲ್ಲ.

ಹಾಗಾಗಿ ಮೇಲಿನ ಆಫೀಸ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಫೋಟೋಗಳನ್ನು ಜೋಡಿಸುತ್ತಾ ಕೂರುತ್ತೇನೆ. ಸಂಗಮೇಶನ ತಾಯಿ ದಿನಕ್ಕೊಂದು ಸಲ ಮೆಟ್ಟಿಲು ಹತ್ತಿ ಬಂದು ಬಾಗಿಲಾಚೆ ನಿಂತು "ಒಳಗ ಬರ್ಲೇನು?" ಎನ್ನುತ್ತಾರೆ. "ಕೆಲಸ ಇದೆ, ಆಮೇಲೆ" ಎನ್ನುತ್ತೇನೆ. ಸುಳ್ಳೇನಲ್ಲ. ಇಳಿದು ಹೋಗುವಾಗ ಒಂದೊಂದು ಮೆಟ್ಟಿಲಿಗೂ ಉಸಿರು ಬಿಡುವುದು ಕೇಳಿಸುತ್ತದೆ.

ಹೆಸರು ಶಾಂತವ್ವ, ಆದರೆ ಅವರನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. "ನೋಡಿ", "ಇಲ್ಲಿ", "ಊಟ ಆಯ್ತು" – ಇಷ್ಟರಲ್ಲೇ ಎರಡು ತಿಂಗಳು ಸಾಗಿಸಿದ್ದೇನೆ. ಹತ್ತು ವರ್ಷದ ಹಿಂದೆ ಮೈಸೂರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾವು ಮದುವೆಯಾದಾಗ ಅವರು ಬರಲಿಲ್ಲ. ಆಮೇಲೂ ನಾನು ಅವರ ಊರಿಗೆ ಹೋಗಲಿಲ್ಲ. ಇಬ್ಬರಿಗೂ ಅಭ್ಯಾಸ ತಪ್ಪಿದೆ.

ಡಿಸೆಂಬರ್ 4

ಅನುಮತಿ ಬರಲಿಲ್ಲ. ಹಿಮ ಬಂತು.

ಡಿಸೆಂಬರ್ 12

ಮೈಯೆಲ್ಲ ಉರಿಯುತ್ತಿದೆ. ಫೋಟೋ ಪ್ರಿಂಟ್ ಹಾಕಲು ತರಿಸಿದ್ದ ದುಬಾರಿ ಕಾಗದದ ಪಾರ್ಸಲ್ ವಾಪಸ್ಸು ಹೋಗಿದೆ. ಸಹಿ ಬೇಕಿತ್ತಂತೆ. ನಾನು ಸ್ನಾನಕ್ಕೆ ಹೋಗಿದ್ದೆ. ಆ ಮನುಷ್ಯ ಬೆಲ್ ಮಾಡಿದ್ದಾನೆ, ಬಾಗಿಲು ಬಡಿದಿದ್ದಾನೆ, ಸಂಗಮೇಶನ ತಾಯಿ ಒಳಗಿನಿಂದ ಕೈಸನ್ನೆಯಲ್ಲಿ "ಹೋಗು, ಹೋಗು" ಎಂದಿದ್ದಾರೆ.

"ಬಾಗಿಲು ತೆಗೆದು ತಗೋಬಹುದಿತ್ತಲ್ಲ?" ಎಂದು ಕೇಳಿದೆ.

"ಯಾರ ಬಂದ್ರೂ ತಗೀಬ್ಯಾಡ ಅಂತ ನನ್ನ ಮಗ ಹೇಳ್ಯಾನ. ನಾ ತಗಿಯಂಗಿಲ್ಲ."

ಹೇಳಿದ್ದು ನಿಜ. ಮೊದಲ ವಾರವೇ ಅವನು ತಾಯಿಗೆ ಆ ಪಾಠ ಮಾಡಿದ್ದ. ಅವರು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆಂದರೆ ನಾನು ಕಸದ ಡಬ್ಬಿ ಇಡಲು ಹೊರಗೆ ಕಾಲಿಟ್ಟರೂ ಸಾಕು, ಹಿಂದಿನಿಂದ ಚಿಲಕ ಬೀಳುತ್ತದೆ. ಮೊನ್ನೆ ಚಪ್ಪಲಿಯಲ್ಲಿ, ಶಾಲು ಹೊದ್ದು, ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ನನ್ನ ಮನೆಯ ಬಾಗಿಲನ್ನೇ ನಾನು ಬಡಿದೆ. "ಯಾರು?" ಎಂದರು. "ನಾನು" ಎಂದೆ. ಗಾಜಿನಲ್ಲಿ ಇಣುಕಿ ನೋಡಿ, ಖಾತ್ರಿ ಮಾಡಿಕೊಂಡು ತೆಗೆದರು. ಜೈಲಿನಲ್ಲಿ ಕೂಡ ಖೈದಿಗೆ ಒಳಗೆ ಹೋಗಲು ಇಷ್ಟು ಕಷ್ಟವಿಲ್ಲ.

ಸಂಗಮೇಶನಿಗೆ ಫೋನ್ ಮಾಡಿ ಕೂಗಾಡಿದೆ. "ಮೀಟಿಂಗ್‌ನಲ್ಲಿದೀನಿ ಭಾನು" ಎಂದ.

ಡಿಸೆಂಬರ್ 18

ಇವತ್ತು ಆಫೀಸ್ ರೂಮಿನ ಬಾಗಿಲು ಹಾಕಲು ಮರೆತಿದ್ದೆ. ತಿರುಗಿ ನೋಡಿದರೆ ಸಂಗಮೇಶನ ತಾಯಿ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಸ್ಕ್ರೀನಿನಲ್ಲಿ ಜೌಗಿನ ಮಣ್ಣನ್ನು ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಲು ಪೇರಿಸಿಟ್ಟ ಫೋಟೋ ಇತ್ತು. ಐರ್ಲೆಂಡಿನ ಹಳ್ಳಿಗಳಲ್ಲಿ ಅದನ್ನೇ ಒಲೆಗೆ ಹಾಕುತ್ತಾರೆ.

"ಕುಳ್ಳು ಚಂದ ಒಟ್ಟ್ಯಾರ" ಎಂದರು.

"ಸಗಣಿ ಅಲ್ಲ, ಅದು ಮಣ್ಣು."

"ಮಣ್ಣ ಉರೀತೈತಿ?"

"ಉರಿಯುತ್ತೆ."

"ಹಂಗಾರ ದನಾ ಕಾಯೂ ತ್ರಾಸ ಇಲ್ಲ ಬಿಡು ಆ ಮಂದಿಗೆ."

ನನಗೆ ನಗು ಬಂತು, ತಡೆದುಕೊಂಡೆ. ಅವರು ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟರು. ನಾನು ಒಂದೊಂದೇ ಫೋಟೋ ಸರಿಸುತ್ತಾ ಹೋದೆ. ಹುಲ್ಲಿನ ರಾಶಿ ಕಂಡರೆ "ಬಣವಿ ತಲಿ ಸರಿ ಕಟ್ಟಿಲ್ಲ, ಮಳಿ ನೀರ ಇಳೀತೈತಿ." ಬಾವಿಯ ಪಕ್ಕದ ಮರದಲ್ಲಿ ಹರಕೆಯ ಬಟ್ಟೆ ಚೂರುಗಳನ್ನು ಕಂಡು ಕೈ ಮುಗಿದರು. ಯಾವ ದೇವರೆಂದು ಕೇಳಲೂ ಇಲ್ಲ. ಸುಮಾರು ಅರವತ್ತು ಫೋಟೋ ನೋಡಿದರು.

ಆಮೇಲೆ ಕೇಳಿದರು. "ಎಲ್ಲಾ ಹಾದ್ಯಾಗ ನಿಂತು ತಗದಿ. ಆರು ವರ್ಷದಾಗ ಯಾರೂ ನಿನ್ನ ಒಳಗ ಕರೀಲಿಲ್ಲೇನು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲ್ಯಾಪ್‌ಟಾಪ್ ಮುಚ್ಚಿ ತಲೆನೋವು ಎಂದೆ. ಅವರು ಎದ್ದು ಹೋದರು. ಒಬ್ಬಳೇ ಕೂತು ಮತ್ತೆ ಎಲ್ಲವನ್ನೂ ತೆಗೆದು ನೋಡಿದೆ. ಬೇಲಿ, ಬೇಲಿಯಾಚೆ ಮನೆ. ಗೇಟು, ಗೇಟಿನಾಚೆ ಮುದುಕ. ಕಿಟಕಿಯ ದೀಪ. ಚಹಾಕ್ಕೆ ಕರೆದವರಿದ್ದರು. ನಾನೇ ಬೆಳಕು ಹೋಗುತ್ತದೆ ಎಂದು ನೆಪ ಹೇಳಿ ಹೊರಗೇ ನಿಲ್ಲುತ್ತಿದ್ದೆ. ಪರಕೀಯಳಾಗಿ ನಿಲ್ಲುವುದು ನನಗೆ ಸಲೀಸು. ಒಳಗೆ ಹೋದರೆ ಏನಾದರೂ ಮಾತಾಡಬೇಕು.

ಜನವರಿ 2

ಅನುಮತಿ ಬರಲಿಲ್ಲ. ಹತ್ತಿರದ ಊರು ಲಿವೋನಿಯಾದಿಂದ ನನ್ನ ಗೆಳತಿ ದೀಪ್ತಿ ಬಂದು ನಮ್ಮಿಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋದಳು. ಜೋಳದ ಹಿಟ್ಟು ಸಿಕ್ಕಿತು. ಶಾಂತವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತರು, ಹಿಂದೆ ಡಿಕ್ಕಿಯಲ್ಲಿ ಹಾಕಲು ಒಪ್ಪಲಿಲ್ಲ.

ದೀಪ್ತಿ ಕಾರು ನಡೆಸುವಾಗ ನನ್ನ ಬಲಗಾಲು ತಾನೇ ಬ್ರೇಕ್ ಒತ್ತುತ್ತಿತ್ತು. ಹತ್ತು ಮೈಲಿ ಹೋಗಿ ಬಂದದ್ದಕ್ಕೆ ವಿದೇಶ ಪ್ರವಾಸ ಮಾಡಿದಷ್ಟು ಖುಷಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ.

ಜನವರಿ 12

ಟಿಕೆಟ್ ತೆಗೆದೆ. ಜನವರಿ ಇಪ್ಪತ್ತೇಳು, ಸೋಮವಾರ ಸಂಜೆ, ಶಿಕಾಗೋದಿಂದ ನೇರ ಡಬ್ಲಿನ್. ತೆಗೆದ ಮೇಲೆ ಸಂಗಮೇಶನಿಗೆ ಹೇಳಿದೆ.

"ತಲೆ ಕೆಟ್ಟಿದೆಯಾ ನಿನಗೆ? ಅನುಮತಿ ಇಲ್ಲದೆ ಹೋದ್ರೆ ವಾಪಸ್ ಬರೋಕಾಗಲ್ಲ. ವರ್ಷಗಟ್ಟಲೆ ಆಗ್ಬಹುದು."

"ಅಷ್ಟರಲ್ಲಿ ಬಂದರೂ ಬರಬಹುದು."

"ಬರದಿದ್ರೆ?"

"ಬರದಿದ್ರೆ ಅಲ್ಲೇ ಇರ್ತೀನಿ. ಇಲ್ಲಿ ಏನಿದೆ ನನಗೆ? ನೀನು ವಾರಕ್ಕೆರಡು ದಿನ ಬಟ್ಟೆ ಒಗೆಸಿಕೊಳ್ಳೋಕೆ ಬರ್ತೀಯ. ಮಿಕ್ಕ ದಿನ ನಾನು ನಿಮ್ಮಮ್ಮನ ಮುಖ ನೋಡ್ಬೇಕು, ಅವರು ನನ್ನ ಮುಖ ನೋಡ್ಬೇಕು."

ಜೋರಾಗಿಯೇ ಹೇಳಿದೆ. ಕೆಳಗೆ ರೊಟ್ಟಿ ಬಡಿಯುವ ಸದ್ದು ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಸಂಗಮೇಶ ಮಾತು ಬಿಟ್ಟಿದ್ದಾನೆ. ಬಿಡಲಿ. ಈ ಪುಸ್ತಕ ಒಂದೇ ನಾನು ನನ್ನ ಕೈಯಾರೆ ಮಾಡಿದ್ದು. ಮಿಕ್ಕಿದ್ದೆಲ್ಲ ಅವನ ವೀಸಾದ ಬಾಲ ಹಿಡಿದುಕೊಂಡು ಬಂದದ್ದು. ನಾನು ಹೋಗುವುದು ಹೋಗುವುದೇ.

ಜನವರಿ 21

ಸೂಟ್‌ಕೇಸ್ ತೆಗೆದು ಹಾಸಿಗೆಯ ಮೇಲೆ ಬಿಚ್ಚಿಟ್ಟಿದ್ದೆ. ಶಾಂತವ್ವ ಒಗೆದ ಬಟ್ಟೆ ತಂದವರು ನೋಡಿದರು. ಏನೂ ಕೇಳದೆ ನನ್ನ ಸ್ವೆಟರ್ ಒಂದನ್ನು ಮಡಿಚಿ ಅದರೊಳಗಿಟ್ಟರು. ಬೈದಿದ್ದರೆ ನಾನೂ ಒಂದು ಕೈ ನೋಡುತ್ತಿದ್ದೆ. ಹಾಗೆ ಮಡಿಚಿಟ್ಟ ಮೇಲೆ ಏನು ಹೇಳುವುದು? ಎಲ್ಲ ಹೇಳಿದೆ. ಪುಸ್ತಕ, ಫಿಡೆಲ್ಮಾ, ಪೆಗ್ಗಿ.

"ಒಂದ ಫೋಟೋಕ್ಕ ಇಷ್ಟ ದೂರ? ಏನ್ ಮಾಡ್ತಾಳ ಆ ಮುದಕಿ?"

ಹೇಳಿದೆ. ಆ ಸಂಜೆ ಮನೆಯ ಹೆಣ್ಣುಮಗಳೊಬ್ಬಳು ಜೊಂಡು ಹುಲ್ಲಿನ ಹೊರೆ ಹಿಡಿದು ಹೊರಗೆ ನಿಲ್ಲುತ್ತಾಳೆ. ಒಳಗಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಅವಳು ಬಾಗಿಲು ಬಡಿದು, ಬ್ರಿಜಿಡ್ ಬಂದಿದ್ದಾಳೆ, ಒಳಗೆ ಬರಮಾಡಿಕೊಳ್ಳಿ ಎನ್ನುತ್ತಾಳೆ. ಒಳಗಿನವರು, ಬರಲಿ, ಆ ತಾಯಿ ಬರಲಿ ಎಂದು ಕೂಗಿ ಬಾಗಿಲು ತೆಗೆಯುತ್ತಾರೆ. ಆ ಹುಲ್ಲಿನಿಂದ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ವರ್ಷವೆಲ್ಲ ಮನೆ ಕಾಯುತ್ತದಂತೆ.

ಶಾಂತವ್ವನ ಮುಖ ಅರಳಿತು. "ಇದು ನಮ್ಮ ಒಡಪು ಹೇಳಿಸಿದಂಗ ಆತಲ್ಲ! ಹೊಸಾ ಸೊಸಿ ಬಾಗಲದಾಗ ನಿಂತು ಗಂಡನ ಹೆಸರ ಕಟ್ಟಿ ಒಡಪು ಹೇಳೂತನಕ ನಾವು ಒಳಗ ಬಿಡಂಗಿಲ್ಲ. ನಾ ಹೇಳಿದ್ದು ಇನ್ನೂ ನೆನಪೈತಿ ನೋಡು."

ಸೆರಗು ಸರಿಮಾಡಿಕೊಂಡು, ಸೂಟ್‌ಕೇಸಿನ ಮುಂದೆ ನೆಟ್ಟಗೆ ನಿಂತು ಹೇಳಿದರು.

"ಕರಿಯ ಎರಿ ಹೊಲದಾಗ ಬಿಳಿಜೋಳದ ತೆನಿ,
ಗದಿಗೆಪ್ಪನ ಕೈ ಹಿಡದು ಬಂದೀನಿ ಅವರ ಮನಿ."

ಮಾವ ತೀರಿಕೊಂಡು ಹದಿನೈದು ವರ್ಷವಾಯಿತು. ಹೆಸರು ಹೇಳಿದ ಮೇಲೆ ನಾಚಿಕೊಂಡು ಬಾಯಿಗೆ ಸೆರಗು ಅಡ್ಡ ಹಿಡಿದರು. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಆ ಮುಖ ಹೋಗಿತ್ತು.

"ಕೊಳ್ಳಾಗಿಂದ ಅದನ್ನ ಒಂದಿನಾರ ತಗದಿಡು. ತಾಳಿ ಹಾಕ್ಕೊಂಡಂಗ ಹಾಕ್ಕೊಂಡಿರ್ತಿ" ಎಂದು ನಕ್ಕರು. ಆಮೇಲೆ ಬಟ್ಟೆ ಮಡಿಚುತ್ತಾ ನನ್ನ ಕಡೆ ನೋಡದೆ ಹೇಳಿದರು. "ನಿನ್ನ ಕಡಿಂದ ಹೇಳಿಸಬೇಕಿತ್ತು. ನಾನ ಬರಲಿಲ್ಲ. ನಾ ಬಾಗಲದಾಗ ಇರದ ನೀ ಯಾರ ಮುಂದ ಹೇಳ್ತಿ."

ಪಾಸ್‌ಪೋರ್ಟ್ ಹುಡುಕಬೇಕು ಎಂದು ಎದ್ದು ಬಂದೆ.

ಜನವರಿ 27

ಹೋಗಲಿಲ್ಲ.

ಯೋಜನೆಯೆಲ್ಲ ಸರಿಯಾಗಿಯೇ ಇತ್ತು. ಸಂಗಮೇಶ ಬಾಯಿ ಬಿಗಿದುಕೊಂಡೇ ಶಿಕಾಗೋ ತನಕ ಕರೆದುಕೊಂಡು ಹೋಗಲು ಒಪ್ಪಿದ್ದ. ನಾನಿಲ್ಲದಾಗ ಶಾಂತವ್ವ ಲಿವೋನಿಯಾದಲ್ಲಿ ದೀಪ್ತಿಯ ಮನೆಯಲ್ಲಿ ಇರುವುದು. ದೀಪ್ತಿ ಎಂಟಕ್ಕೆ ಬರುತ್ತೇನೆ ಎಂದಿದ್ದಳು.

ನಾನು ಬೆಳಿಗ್ಗೆ ಕೆಳಗಿಳಿದು ಬಂದಾಗ ಇನ್ನೂ ಕತ್ತಲೆ. ಶಾಂತವ್ವ ಬಾಗಿಲ ಪಕ್ಕ ಶೂ ಹಾಕಿಕೊಳ್ಳುವ ಬೆಂಚಿನ ಮೇಲೆ ಕೂತಿದ್ದರು. ಸೀರೆಯ ಮೇಲೆ ಸಂಗಮೇಶನ ಹಳೆಯ ಜಾಕೆಟ್, ಕುತ್ತಿಗೆಯ ತನಕ ಜಿಪ್ ಎಳೆದಿತ್ತು. ಮಡಿಲಲ್ಲಿ ಒಂದು ಕೈಚೀಲ, ಅದರ ಮೇಲೆ ಎರಡೂ ಕೈ. ಯಾವಾಗಿನಿಂದ ಹಾಗೆ ಕೂತಿದ್ದರೋ.

"ಇಷ್ಟು ಬೇಗ ಯಾಕೆ ಎದ್ರಿ?"

"ನಿಂಗ ತಡಾ ಆಗಬಾರದಲ್ಲ" ಎಂದರು. "ಅವರ ಮನ್ಯಾಗ ನಾ ಎಲ್ಲಿ ಕುಂದ್ರಬೇಕು ಅಂತ ಸ್ವಲ್ಪ ಹೇಳಿ ಹೋಗು. ಯಾರಿಗೂ ತ್ರಾಸ ಆಗಬಾರದು."

ಡಿಕ್ಕಿಯಲ್ಲಿ ಸೂಟ್‌ಕೇಸ್ ಇತ್ತು, ಎಂಜಿನ್ ಶುರುವಾಗಿತ್ತು. ನಾನು ಹೊರಗೆ ಹೋಗಿ ಸೂಟ್‌ಕೇಸ್ ಇಳಿಸಿಕೊಂಡೆ. ಸಂಗಮೇಶ ಕಿಟಕಿ ಇಳಿಸಿ "ಏನಾಯ್ತು?" ಎಂದ. ರಸ್ತೆ ಸರಿಯಿಲ್ಲ, ವಕೀಲರ ಮೇಲ್ ಮತ್ತೆ ಓದಿದೆ, ಹೆದರಿಕೆಯಾಯಿತು ಎಂದೆ. ಅದೂ ನಿಜವೇ. ವರ್ಷಗಟ್ಟಲೆ ಹೊರಗುಳಿಯುವುದು ಎಂದರೆ ಹುಡುಗಾಟವಲ್ಲ. ಅವನು ನನ್ನ ಮುಖ ನೋಡಿ, ಕಿಟಕಿ ಏರಿಸಿಕೊಂಡು ಹೊರಟ.

ದೀಪ್ತಿಗೆ ಬರಬೇಡ ಎಂದು ಮೆಸೇಜ್ ಹಾಕಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆರು ವರ್ಷದ ಕೆಲಸ, ಒಂದು ಬೆಂಚಿನ ಮುಂದೆ ಮುಗಿದುಹೋಯಿತು. ಶಾಂತವ್ವನ ಮೇಲೆ ಸಿಟ್ಟು ಬರುತ್ತಿದೆ. ಬೈಯಬಾರದಿತ್ತೇ, ಹೋಗಬೇಡ ಎಂದು ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದರೆ ಹೋಗಿಬಿಡುತ್ತಿದ್ದೆ.

ಜನವರಿ 28

ಯಾರೊಂದಿಗೂ ಮಾತಿಲ್ಲ.

ಫೆಬ್ರವರಿ 1

ಕೈ ಬೆರಳು ಇನ್ನೂ ಜುಮ್ಮೆನ್ನುತ್ತಿದೆ, ಆದರೂ ಬರೆಯುತ್ತೇನೆ.

ನಿನ್ನೆ ಬೆಳಗಿನಿಂದ ಮಂಜುಗಡ್ಡೆಯ ಮಳೆ. ಮಧ್ಯಾಹ್ನ ಕರೆಂಟ್ ಹೋಯಿತು. ಸಂಗಮೇಶ ಲೊಂಬಾರ್ಡಿನಿಂದ ಫೋನ್ ಮಾಡಿ, ಹೈವೇ ಮೇಲೆ ಲಾರಿಗಳು ಅಡ್ಡಡ್ಡ ಬಿದ್ದಿವೆ, ಇವತ್ತು ಬರಲು ಆಗುವುದಿಲ್ಲ ಎಂದ. ಅಷ್ಟರಲ್ಲಿ ನನ್ನ ಫೋನೂ ಸತ್ತಿತು. ಹೀಟರ್ ಇಲ್ಲ. ನಾಲ್ಕು ಗೋಡೆ, ಇಬ್ಬರು ಹೆಂಗಸರು, ಇರುವ ಕಂಬಳಿಯೆಲ್ಲ ಮೈಮೇಲೆ.

ಐದು ಗಂಟೆಗೆ ನನಗೆ ತಡೆಯಲಾಗಲಿಲ್ಲ. ಬ್ರಿಜಿಡ್ ಹಬ್ಬದ ಹಿಂದಿನ ಸಂಜೆ. ಪೆಗ್ಗಿಯ ಮನೆಯಲ್ಲಿ ಆ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಫೋಟೋ ತೆಗೆಯಬೇಕಾದವಳು ಇಲ್ಲಿ ಸಾಕ್ಸಿನ ಮೇಲೆ ಸಾಕ್ಸು ಹಾಕಿಕೊಂಡು ಕೂತಿದ್ದಾಳೆ. ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಹೊರಗೆ ನಡೆದೆ. ಹಿಂದೆ ಚಿಲಕ ಬಿದ್ದ ಸದ್ದು ಕೇಳಿತು. ಬೀಳಲಿ ಎಂದುಕೊಂಡೆ.

ಸಬ್‌ಡಿವಿಷನ್ನಿನ ಕೊಳದ ತನಕ ಜಾರುತ್ತಾ ಹೋದೆ. ಮರದ ಒಂದೊಂದು ಕಡ್ಡಿಗೂ ಗಾಜಿನ ಕವಚ. ಕೊಳದ ಅಂಚಿನ ಜೊಂಡು ಹುಲ್ಲು ಒಣಗಿ ಹಿಮದಲ್ಲಿ ಬಾಗಿ ನಿಂತಿತ್ತು. ಫೋಟೋ ತೆಗೆದೆ, ಯಾವುದೂ ಸರಿ ಬರಲಿಲ್ಲ. ಮತ್ತದೇ ದೂರ, ಮತ್ತದೇ ಹೊರಗು. ಸಿಟ್ಟಿನಲ್ಲಿ ಜೊಂಡನ್ನೇ ಹಿಡಿದು ಎಳೆದೆ. ಒಂದು ಹಿಡಿ ಕಿತ್ತು ಬಂತು. ಬಿಸಾಡಲಿಲ್ಲ, ಯಾಕೋ ಹಿಡಿದುಕೊಂಡೇ ಬಂದೆ.

ಮನೆ ಮುಟ್ಟುವಾಗ ಬೆರಳುಗಳು ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಬಡಿಯಲೆಂದು ಕ್ಯಾಮೆರಾ ತೆಗೆದು ಪೋರ್ಚಿನ ಕಟ್ಟೆಯ ಮೇಲಿಟ್ಟೆ.

"ಯಾರು?"

"ನಾನು. ಬಾಗಿಲು ತೆಗೀರಿ."

"ನಾನು ಅಂದ್ರ ಯಾರು?"

"ಭಾನು! ಬೇಗ ತೆಗೀರಿ, ಸಾಯ್ತಾ ಇದೀನಿ ಚಳೀಲಿ."

ಗಾಜಿನಲ್ಲಿ ಮೇಣದ ಬತ್ತಿಯ ಬೆಳಕು ಅಲ್ಲಾಡಿತು. ಅವರು ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಹುಲ್ಲನ್ನೂ ನೋಡಿದರು. ಚಿಲಕ ಮಾತ್ರ ತೆಗೆಯಲಿಲ್ಲ.

"ಒಡಪು ಹೇಳಿ ಒಳಗ ಬಾ."

ತಮಾಷೆ ಎಂದುಕೊಂಡೆ. ಬಾಗಿಲು ಒದ್ದೆ. ಬಾಯಿಗೆ ಬಂದದ್ದು ಬೈದೆ, ಮೈಸೂರಿನ ಬೈಗುಳ ಅವರಿಗೆ ಎಷ್ಟು ಗೊತ್ತಾಯಿತೋ. ಅವರು ಒಳಗಿನಿಂದ ಮೆಲ್ಲಗೆ ಹೇಳಿದರು. "ಹತ್ತು ವರ್ಷ ಆತವ್ವಾ. ಇವತ್ತ ನಾ ಬಾಗಲದಾಗ ಅದೀನಿ. ಹೇಳು."

ದನಿ ನಡುಗುತ್ತಿತ್ತು. ಅವರಿಗೂ ಚಳಿ ಇದ್ದಿರಬೇಕು.

ನನಗೆ ಬರುವುದಿಲ್ಲ ಎಂದೆ. ಸಂಗಮೇಶನ ಹೆಸರು ದಿನಕ್ಕೆ ಇಪ್ಪತ್ತು ಸಲ ಕೂಗುತ್ತೇನೆ, ಅದರಲ್ಲಿ ಒಡಪಿಗೇನಿದೆ ಎಂದೆ. "ಅಂವನ ಹೆಸರ ಒದರೂದು ಕೇಳೀನಿ. ಕಟ್ಟಿ ಹೇಳು" ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು, ಕಣ್ಣಲ್ಲಿ ನೀರು ಬಂದು ಕೆನ್ನೆಯ ಮೇಲೆ ಉರಿಯುತ್ತಿತ್ತು. ಪಕ್ಕದ ಮನೆಯ ಪರದೆ ಸರಿದದ್ದು ಕಂಡಿತು. ನೋಡಲಿ. ಹೇಳಿದೆ.

"ವಿಕ್ಸಮ್ ಊರಲ್ಲಿ ಹಿಮ ಬಿದ್ದು ಮರವೆಲ್ಲ ಬಿಳಿ,
ಸಂಗಮೇಶನ ಹೆಂಡತಿ ನಿಂತಿದೀನಿ ಬಾಗಿಲ ಬಳಿ,
ಶಾಂತವ್ವ ನಮ್ಮವ್ವ, ಒಳಗೆ ಕರೀರಿ, ತಡೆಯೋಕಾಗಲ್ಲ ಚಳಿ."

ಚಿಲಕ ತೆಗೆದ ಸದ್ದಾಯಿತು. ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ಅಡುಗೆಮನೆಯ ಅಳತೆ ಕಪ್ಪು, ಅದರ ತುಂಬ ಅಕ್ಕಿ. ನಾನು ಕೊಳದ ಕಡೆ ಹೋದಾಗಲೇ ಇಟ್ಟಿದ್ದರು. ಬಲಗಾಲು ಎಂದರು. ಹಿಮ ಮೆತ್ತಿದ ಬೂಟಿನಲ್ಲಿಯೇ ಒದ್ದೆ. ಕಪ್ಪು ಹಾರಿ ಹೋಗಿ ಕೋಟಿನ ಕಪಾಟಿಗೆ ಬಡಿಯಿತು, ಅಕ್ಕಿ ನಡುಮನೆಯ ತನಕ ಚೆಲ್ಲಿತು. "ಹಿಂಗ ಒದೀತಾರೇನ ಹುಚ್ಚಿ" ಎಂದು ನಗುತ್ತಾ ನನ್ನ ಎರಡೂ ಕೈಯನ್ನು ತಮ್ಮ ಕಂಕುಳಲ್ಲಿ ಸಿಕ್ಕಿಸಿಕೊಂಡರು. ನಾನು ಅವರ ಹೆಗಲ ಮೇಲೆ ಗಲ್ಲವಿಟ್ಟು ಬಹಳ ಹೊತ್ತು ಅತ್ತೆ. ಅವರೂ ಅತ್ತರು.

ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಿದ್ದರು. ಬಿಸಿ ರೊಟ್ಟಿ ತಿಂದೆವು. ಜೊಂಡನ್ನು ಮೂರು ಎಳೆಯಾಗಿ ಹೆಣೆದೆವು, ಶಿಲುಬೆ ನನಗೆ ಬರಲಿಲ್ಲ, ಅವ್ವ ಅದನ್ನೇ ಸುತ್ತಿ ಒಂದು ಸಿಂಬಿ ಮಾಡಿದರು, ಕೊಡ ಹೊರುವಾಗ ತಲೆಗಿಟ್ಟುಕೊಳ್ಳುವ ಹಾಗೆ. ಅದನ್ನು ಬಾಗಿಲ ಮೇಲೆ ಮೊಳೆಗೆ ಹಾಕಿದ್ದೇವೆ.

ಫೆಬ್ರವರಿ 4

ಕರೆಂಟ್ ಬಂತು. ಸಂಗಮೇಶ ಮೊನ್ನೆ ಬಂದವನು "ಬಾಗಿಲ ಮೇಲೆ ಇದೇನು? ಕಟ್ಟೆ ಮೇಲೆ ಯಾಕೆ ಕ್ಯಾಮೆರಾ ಇಟ್ಟಿದೀಯ?" ಎಂದು ಕೇಳಿದ. ಆಗಲೇ ನನಗೆ ನೆನಪಾದದ್ದು. ಎರಡು ರಾತ್ರಿ ಹೊರಗೇ ಇತ್ತು. ಲೆನ್ಸಿನ ಮೇಲೆ ಬೆರಳು ದಪ್ಪದ ಮಂಜುಗಡ್ಡೆ. ಬಾಗಿಲಲ್ಲಿ ಚೆಲ್ಲಿದ್ದ ಅಕ್ಕಿಯನ್ನು ಗುಡಿಸಿ ತೆಗೆದಿಟ್ಟಿದ್ದರಲ್ಲ, ಅದಕ್ಕೆ ಚೀಲದ ಅಕ್ಕಿಯನ್ನೂ ಸುರಿದು ಅವ್ವ ಕ್ಯಾಮೆರಾವನ್ನು ಅದರಲ್ಲಿ ಹೂತಿಟ್ಟಿದ್ದಾರೆ. ಫೋನ್ ಒದ್ದೆಯಾದರೆ ಹಾಗೆ ಮಾಡುತ್ತಾರೆ ಎಂದು ಟೀವಿಯಲ್ಲಿ ನೋಡಿದ್ದರಂತೆ.

ಫಿಡೆಲ್ಮಾಗೆ ಬರೆದೆ. ಒಳಗಿನ ಫೋಟೋ ಇಲ್ಲ, ಬರಲು ಆಗಲಿಲ್ಲ. ಅವಳ ಉತ್ತರ ಎರಡು ಸಾಲು. ಈ ವರ್ಷದ ಪಟ್ಟಿಯಿಂದ ಪುಸ್ತಕ ತೆಗೆದಿದ್ದಾಳೆ. ಮುಂದಿನದಕ್ಕೆ ಮಾತು ಕೊಡುವುದಿಲ್ಲ. ಓದಿದ ಮೇಲೆ ಕೂತು ಚೆನ್ನಾಗಿ ಅಳಬೇಕು ಎಂದುಕೊಂಡೆ. ಅಷ್ಟರಲ್ಲಿ ಅವ್ವ ಕೆಳಗಿನಿಂದ "ಹಿಟ್ಟ ಆರಾಕ ಹತ್ತೈತಿ, ಬಾ" ಎಂದು ಕೂಗಿದರು. ನನಗೆ ರೊಟ್ಟಿ ಬಡಿಯುವುದು ಇನ್ನೂ ಬರುವುದಿಲ್ಲ. ಅಂಚು ಒಡೆಯುತ್ತದೆ.

ಪೆಗ್ಗಿಗೂ ಫೋನ್ ಮಾಡಿದ್ದೆ. ಆ ಸಂಜೆ ನನಗೆಂದು ಒಲೆಯ ಪಕ್ಕ ಒಂದು ಕುರ್ಚಿ ಹಾಕಿದ್ದಳಂತೆ.

ಫೆಬ್ರವರಿ 13

ಹೊಸ ಕಾಟ ಶುರುವಾಗಿದೆ. ನಾನು ಕಸ ಇಡಲು ಹೋಗಲಿ, ಟಪಾಲು ತರಲು ಹೋಗಲಿ, ಅವ್ವ ಚಿಲಕ ಹಾಕಿಕೊಂಡು ಒಳಗೆ ನಿಲ್ಲುತ್ತಾರೆ. ಪ್ರತಿ ಸಲ ಹೊಸ ಒಡಪು ಬೇಕು. ನಿನ್ನೆಯದನ್ನೇ ಇವತ್ತು ಹೇಳಿದರೆ ನಡೆಯುವುದಿಲ್ಲ. ಸಂಗಮೇಶನನ್ನೂ ಬಿಡಲಿಲ್ಲ. ಕಳೆದ ಶುಕ್ರವಾರ ಶಿಕಾಗೋದಿಂದ ಸುಸ್ತಾಗಿ ಬಂದವನು ಲ್ಯಾಪ್‌ಟಾಪ್ ಬ್ಯಾಗ್ ಹೊತ್ತುಕೊಂಡು ಬಾಗಿಲಲ್ಲಿ ಹದಿನೈದು ನಿಮಿಷ ನಿಂತ. ನನ್ನ ಹೆಸರಿಗೆ ಅವನು ತಂದ ಪ್ರಾಸ ಬರೆಯುವ ಹಾಗಿಲ್ಲ. ಅವ್ವ ನಕ್ಕು ನಕ್ಕು ಬೆಂಚಿನ ಮೇಲೆ ಕೂತುಬಿಟ್ಟರು.

ಬೆಳಿಗ್ಗೆ ಕ್ಯಾಮೆರಾವನ್ನು ಅಕ್ಕಿಯಿಂದ ತೆಗೆದು ನೋಡಿದೆ. ಆನ್ ಆಗುತ್ತಿದೆ, ಶಟರ್ ಒಂದೊಂದು ಸಲ ಸಿಕ್ಕಿಕೊಳ್ಳುತ್ತದೆ. ಅವ್ವ ಒಲೆಯ ಮುಂದೆ ನಿಂತಿದ್ದರು, ಒಂದು ತೆಗೆದೆ. ಕೈ ಅಲ್ಲಾಡಿದೆ, ಅರ್ಧ ಮುಖ ಹೊಗೆ. ಅಳಿಸಿಲ್ಲ.

ಈಗ ಮಧ್ಯಾಹ್ನ ಮೂರು. ಟಪಾಲು ಗಾಡಿ ಬಂದು ಹೋಗಿದೆ. ಸರ್ಕಾರದಿಂದ ಬರಬೇಕಿದ್ದ ಅನುಮತಿ ಪತ್ರ ನಮ್ಮ ಡಬ್ಬಕ್ಕೆ ಬಿದ್ದಿದೆ ಎಂದು ಫೋನಿನಲ್ಲಿ ಮೆಸೇಜ್ ಬಂದು ಒಂದು ಗಂಟೆಯಾಯಿತು. ಅವ್ವ ಕೆಳಗೆ ಬಾಗಿಲ ಹತ್ತಿರ ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದಾರೆ. "ಗದಿಗೆಪ್ಪನ ಸೊಸೆ" ಎಂಬಲ್ಲಿಗೆ ತಂದು ನಿಲ್ಲಿಸಿದ್ದೇನೆ, ಮುಂದಿನ ಸಾಲಿಗೆ ಪ್ರಾಸ ಸಿಗುತ್ತಿಲ್ಲ. ಸಿಕ್ಕಿದ ಮೇಲೆ ಹೋಗಿ ತರುತ್ತೇನೆ.